ಹೆಸರಿಗೆ ಒಲವೋ, ಜೀವಕ್ಕೆ ಒಲವೋ?

ಗೃಹಸ್ಥನು ಒಂದು ವಸ್ತುವನ್ನು ಕೊಳ್ಳುವುದಕ್ಕೂ ಒಂದು ಜೀವವನ್ನು ಮನೆಗೆ ಬರಮಾಡಿಕೊಳ್ಳುವುದಕ್ಕೂ ಬಹಳ ಅಂತರವುಂಟು. ವಸ್ತುವು ಬೇಡವಾದರೆ ಅಟ್ಟವನ್ನು ಸೇರುತ್ತದೆ. ಜೀವವನ್ನು ಹಾಗೆ ಅಟ್ಟಕ್ಕೆ ಹಾಕಲು ಬಾರದು. ಈ ಅಂತರವನ್ನು ಮರೆತಲ್ಲಿ ಪ್ರೀತಿಯ ಹೆಸರಿನಲ್ಲಿಯೇ ಹಿಂಸೆಯು ನಡೆಯುತ್ತದೆ. ಪೂಡಲ್ ಬೆರಕೆಯ ನಾಯಿಗಳನ್ನು ಸಾಕಬೇಕೆಂಬ ಇಂದಿನ ಆಸೆಯು ವಿಚಾರಕ್ಕೆ ಅರ್ಹವಾಗಿರುವುದು ಈ ಕಾರಣದಿಂದಲೇ.

ಈ ಬೆರಕೆಯ ಚರಿತ್ರೆಯು ಬೋಧಪ್ರದವಾಗಿದೆ. ಅಂಧರಿಗೆ ದಾರಿ ತೋರುವ ನಾಯಿಗಳನ್ನು ಸಿದ್ಧಪಡಿಸುವ ಆಸ್ಟ್ರೇಲಿಯಾದ ಸಂಸ್ಥೆಯೊಂದರಲ್ಲಿ, 1989ರಲ್ಲಿ, ವಾಲಿ ಕಾನ್ರನ್ ಎಂಬವರು ಲ್ಯಾಬ್ರಡಾರ್ ಮತ್ತು ಪೂಡಲ್ ತಳಿಗಳನ್ನು ಕೂಡಿಸಿದರು. ಹವಾಯಿ ದ್ವೀಪದ ಅಂಧ ಮಹಿಳೆಯೊಬ್ಬರಿಗೆ ನಾಯಿಯ ನೆರವು ಬೇಕಾಗಿತ್ತು. ಅವರ ಪತಿಗೆ ನಾಯಿಯ ರೋಮವು ಒಗ್ಗುತ್ತಿರಲಿಲ್ಲ. ಹುಟ್ಟಿದ ಮೂರು ಮರಿಗಳಲ್ಲಿ ಒಂದು ಮಾತ್ರ ಆ ಮನೆಗೆ ಹೊಂದಿತು. ಮಿಕ್ಕ ಎರಡನ್ನು, ಬೆರಕೆಯೆಂಬ ಒಂದೇ ಕಾರಣದಿಂದ, ಸಾಕಲು ಯಾರೂ ಮುಂದೆ ಬರಲಿಲ್ಲ. ಆಗ ಕಾನ್ರನ್ ಅವುಗಳನ್ನು 'ಲ್ಯಾಬ್ರಡೂಡಲ್' ಎಂಬ ಹೊಸ ಹೆಸರಿನಿಂದ ಕರೆದರು. ಒಡನೆಯೇ ಬೇಡಿಕೆ ಮೊದಲಾಯಿತು. ಮರಿಗಳು ಬದಲಾಗಿರಲಿಲ್ಲ, ಬದಲಾದುದು ಹೆಸರು. ಮುಂದೆ ಹಣದಾಸೆಯವರು ರೋಗರುಜಿನಗಳನ್ನು ಲೆಕ್ಕಿಸದೆ ಮರಿಗಳನ್ನು ಹುಟ್ಟಿಸತೊಡಗಿದುದನ್ನು ಕಂಡು, ತಾವು ಮಾಡಿದುದಕ್ಕೆ ಅವರು ಬಹಿರಂಗವಾಗಿ ಪರಿತಪಿಸಿದರು.

ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲು ನರಸೀಪುರಕ್ಕೆ ಸಮೀಪದ ಸೋಸಲೆಯಂತಹ ಊರಿನಲ್ಲಿ ಇದನ್ನು ನೆನೆಯತಕ್ಕದ್ದು. ಅಲ್ಲಿಯ ಜಗಲಿಯ ಕೆಳಗೆ ಮಲಗುವ ನಾಯಿಯೂ ಬೆರಕೆಯೇ. ಅದಕ್ಕೆ 'ಕಂತ್ರಿ' ಎಂಬ ಬೈಗುಳ; ನಗರದ ಅಂಗಡಿಯ ಬೆರಕೆಗೆ ಸಾವಿರಾರು ರೂಪಾಯಿಗಳ ಬೆಲೆ! ಹುಟ್ಟಿನಿಂದ ಹಿರಿಮೆಯನ್ನು ಅಳೆಯಬಾರದೆಂದು ಸಾರಿದ ಶರಣರ ಮಾರ್ಗದಲ್ಲಿ ನಡೆಯುವವರಿಗೆ ಈ ತಾರತಮ್ಯವು ಸಹಜವೆಂದು ತೋರಬಾರದು.

ಹಾಗಾದರೆ ಪೂಡಲ್ ಬೆರಕೆಯನ್ನು ತರುವುದೇ ತಪ್ಪೆ? ತಪ್ಪೆನ್ನಲಾಗದು. ಆ ಮರಿಯೂ ತನ್ನ ತಳಿಯನ್ನು ತಾನು ಆರಿಸಿಕೊಂಡು ಹುಟ್ಟಿದುದಲ್ಲ. ದೋಷವಿರುವುದು ಅರಿಯದೆ ತರುವುದರಲ್ಲಿ. ಪೂಡಲ್ ಮೊದಲು ನೀರಿನಿಂದ ಬೇಟೆಯ ಹಕ್ಕಿಗಳನ್ನು ಎತ್ತಿ ತರುತ್ತಿದ್ದ ನಾಯಿ. ಬುದ್ಧಿ ಚುರುಕು, ಓಡಾಟ ಬೇಕು. ದಿನವೆಲ್ಲ ಕಟ್ಟಿಹಾಕಿದರೆ ಅದು ಕೊರಗುತ್ತದೆ. ಅದರ ಗುಂಗುರು ರೋಮವು ಹೆಚ್ಚು ಉದುರದಿದ್ದರೂ ಬಾಚದೆ ಬಿಟ್ಟರೆ ಜಡೆಗಟ್ಟಿ ಚರ್ಮವನ್ನು ನೋಯಿಸುತ್ತದೆ. ಕೆಲವು ವಾರಗಳಿಗೊಮ್ಮೆ ಕತ್ತರಿಸಲೂ ಬೇಕು. ಬೆರಕೆಯ ಮರಿಗೆ ಯಾವ ಬಗೆಯ ರೋಮ ಬರುವುದೆಂದು ಮುಂದಾಗಿ ನಿಶ್ಚಯಿಸಲಾಗದು. ಒಗ್ಗದಿರುವಿಕೆಗೆ ಕಾರಣವಾದ ಅಂಶವು ಜೊಲ್ಲಿನಲ್ಲಿಯೂ ಚರ್ಮದ ಹೊಟ್ಟಿನಲ್ಲಿಯೂ ಇರುವುದರಿಂದ, 'ಯಾರಿಗೂ ಬಾಧೆಯಿಲ್ಲ' ಎಂಬ ಮಾರಾಟಗಾರನ ಮಾತು ನಂಬತಕ್ಕದ್ದಲ್ಲ. ಬೇಸಗೆಯ ಬಿಸಿಲಿನಲ್ಲಿ ನೆರಳು, ನೀರು, ಕಾಲಕಾಲಕ್ಕೆ ಹುಚ್ಚುನಾಯಿ ರೋಗದ ಲಸಿಕೆ ಇವು ಅವಶ್ಯ. ಪಾಯಸದ ಒಣದ್ರಾಕ್ಷಿಯನ್ನಾಗಲಿ ಈರುಳ್ಳಿಯನ್ನಾಗಲಿ ಅದಕ್ಕೆ ಹಾಕಬಾರದು. ಅವು ನಾಯಿಗೆ ವಿಷ.

ಆದುದರಿಂದ ತರುವ ಮೊದಲು ಮರಿಯ ತಾಯಿಯನ್ನು ಕಣ್ಣಾರೆ ನೋಡಬೇಕು. ಅದರ ಸ್ಥಿತಿಯಿಂದಲೇ ಸಾಕಿದವರ ನಡತೆ ತಿಳಿಯುತ್ತದೆ. ಎಂಟು ವಾರ ತುಂಬದ ಮರಿಯನ್ನು ಮಾರಕೂಡದೆಂದು 2017ರ ನಿಯಮವು ವಿಧಿಸಿದೆ, ಅವಸರಪಡಿಸುವವನಲ್ಲಿ ಕೊಳ್ಳಬಾರದು. ಒಮ್ಮೆಗೇ ತಾರದೆ, ಎರಡು ಮೂರು ಬಾರಿ ಹೋಗಿ ಅದರೊಡನೆ ಕುಳಿತು ಸ್ವಭಾವವನ್ನು ಅರಿಯಬೇಕು. ಮನೆಯವರೆಲ್ಲರೂ ಒಪ್ಪಿ, ದಿನವೂ ಬಾಚುವವರಾರು, ತಿರುಗಾಡಿಸುವವರಾರು ಎಂಬುದನ್ನು ಮೊದಲೇ ನಿರ್ಧರಿಸಬೇಕು. ಆ ಕೆಲಸವು ಹತ್ತು ಹದಿನೈದು ವರ್ಷಗಳವರೆಗೆ ಇರುವಂಥದು.

ದಯೆಯೆಂಬುದು ಮರಿಯ ಮುದ್ದುಮುಖವನ್ನು ಕಂಡಾಗ ಉಕ್ಕುವ ಭಾವವಷ್ಟೇ ಆದರೆ ಅದಕ್ಕೆ ಆಯುಷ್ಯವು ಕಡಮೆ. ಅದು ಕೈಯ ಕಾಯಕವಾಗಿ, ಮುಪ್ಪಿನಲ್ಲಿ ಕಣ್ಣು ಮಂಜಾದ ನಾಯಿಯ ಬಟ್ಟಲಿಗೂ ಹೊತ್ತಿಗೆ ಸರಿಯಾಗಿ ಅನ್ನವನ್ನಿಕ್ಕಬೇಕು. ಅಷ್ಟು ದೂರ ನಡೆಯಬಲ್ಲೆನೆಂಬ ನಿಶ್ಚಯವಿದ್ದವನು ಪೂಡಲ್ ಬೆರಕೆಯನ್ನಾದರೂ ತರಲಿ, ಬೀದಿಯ ಮರಿಯನ್ನಾದರೂ ಎತ್ತಿಕೊಳ್ಳಲಿ. ಆ ನಿಶ್ಚಯವಿಲ್ಲದವನು ಬಾಗಿಲ ಬಳಿ ಒಂದು ಬಟ್ಟಲು ನೀರಿಟ್ಟರೆ ಸದ್ಯಕ್ಕೆ ಸಾಕು.