ಕಾರ್ಡ್ ಕೊಳ್ಳುವ ಮೊದಲು ಕೂತು ಲೆಕ್ಕ ಹಾಕಿ

ಪ್ರಿಯರೇ, ಇವತ್ತು ನಾನು ಗ್ರಾಫಿಕ್ಸ್ ಕಾರ್ಡ್ ಬಗ್ಗೆ ಮಾತಾಡ್ತೀನಿ. ನಗಬೇಡಿ. ಯೂತ್ ಮೀಟಿಂಗ್ ಮುಗಿದ ಮೇಲೆ ಗೇಟ್ ಹತ್ತಿರ ನಿಂತು ನೀವು ಮಾತಾಡೋದು ಇದನ್ನೇ ಅಲ್ವಾ? ಮನೆಯಲ್ಲೇ ನ್ಯೂರಲ್ ನೆಟ್‌ವರ್ಕ್ ಓಡಿಸೋಕೆ ಯಾವ ಕಾರ್ಡ್, ಎಷ್ಟು ಮೆಮೊರಿ, ಒಂದು ಸಾಕಾ, ಎರಡು ಬೇಕಾ.

ಈ ಆಸೆಗೆ ಕೊನೆ ಇಲ್ಲ. ಆರ್‌ಟಿಎಕ್ಸ್ 4090ಗೆ 24 ಜಿಬಿ ಮೆಮೊರಿ. 7,000 ಕೋಟಿ ಪ್ಯಾರಾಮೀಟರ್ ಇರೋ ಮಾಡೆಲನ್ನು 4 ಬಿಟ್‌ಗೆ ಇಳಿಸಿದರೂ ಸುಮಾರು 35 ಜಿಬಿ ಬೇಕು. ಹಾಗಾದ್ರೆ ಇನ್ನೊಂದು ಕಾರ್ಡ್. ಅದಕ್ಕೆ ದೊಡ್ಡ ಪವರ್ ಸಪ್ಲೈ. ಒಂದೊಂದು ಕಾರ್ಡೂ 450 ವಾಟ್‌ವರೆಗೆ ಎಳೆಯುತ್ತೆ; ದಿನಕ್ಕೆ 10 ಗಂಟೆ ಪೂರ್ತಿ ದುಡಿಸಿದರೆ 4.5 ಯೂನಿಟ್ ಕರೆಂಟು.

ಹಾಗಂತ ದುಬಾರಿ ಸಾಮಾನು ಕೊಳ್ಳೋದೇ ಪಾಪ ಅಂತ ನಾನು ಹೇಳಲ್ಲ. 2012ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಮೂವರು ಅಲೆಕ್ಸ್‌ನೆಟ್ ಮಾಡಿದ್ದು ಗೇಮ್ ಆಡೋರು ಕೊಳ್ಳುವ ಎರಡು ಜಿಟಿಎಕ್ಸ್ 580 ಕಾರ್ಡ್‌ಗಳಲ್ಲಿ. ತಲಾ 3 ಜಿಬಿ, ಅಷ್ಟೇ. ಸುಮಾರು 12 ಲಕ್ಷ ಚಿತ್ರ ಕಲಿಸೋಕೆ ಐದಾರು ದಿನ ಹಿಡಿಯಿತು. ಅವರ ಹತ್ತಿರ ಪ್ರಶ್ನೆ ಮೊದಲೇ ಇತ್ತು. ಆ ಪ್ರಶ್ನೆಗೆ ಕಾರ್ಡ್ ಬೇಕಾಯಿತು. ನಮ್ಮ ಹುಡುಗರಲ್ಲಿ ಎಷ್ಟೋ ಸಲ ಕಾರ್ಡ್ ಮೊದಲು ಬರುತ್ತೆ, ಪ್ರಶ್ನೆ ಆಮೇಲೆ ಹುಡುಕ್ತಾರೆ.

ಯಾರಾದರೂ ಕೇಳಬಹುದು: "ಪಾಸ್ಟರ್, ಇದು ನನ್ನ ಹವ್ಯಾಸ. ಬುಲೆಟ್ ಕೊಳ್ಳೋನನ್ನ ಯಾರೂ ಕೇಳಲ್ಲ, ನನ್ನನ್ನೇ ಯಾಕೆ?" ನ್ಯಾಯವಾದ ಮಾತು. ಸಂತೋಷಕ್ಕೆ ಖರ್ಚು ಮಾಡೋದು ತಪ್ಪಲ್ಲ. ಆದರೆ ಬುಲೆಟ್ ಕೊಳ್ಳೋನು ಅದನ್ನ ಆಸೆ ಅಂತಲೇ ಹೇಳ್ತಾನೆ. ಕಾರ್ಡ್ ಕೊಳ್ಳೋನು ಮನೆಯಲ್ಲಿ ಏನು ಹೇಳ್ತಾನೆ? "ಅಮ್ಮಾ, ಇದು ಕೆರಿಯರ್‌ಗೆ ಬೇಕು." ಅಮ್ಮನಿಗೆ ಜಿಪಿಯು ಅಂದ್ರೆ ಗೊತ್ತಿಲ್ಲ; ಮಗನ ಮಾತು ನಂಬಿ, ಸೋರುವ ಮಾಳಿಗೆ ರಿಪೇರಿಯನ್ನ ಮುಂದಿನ ವರ್ಷಕ್ಕೆ ಹಾಕ್ತಾರೆ. ಆಟಕ್ಕೆ ಓದು ಅಂತ ಹೆಸರಿಟ್ಟವನು ಅಮ್ಮನ ದುಡ್ಡಿನ ಜೊತೆ ಅಮ್ಮನ ನಂಬಿಕೆಯನ್ನೂ ಖರ್ಚು ಮಾಡ್ತಾನೆ.

ಲೂಕ 14ರಲ್ಲಿ ಕರ್ತನು ಹೇಳಿದ ಗೋಪುರ ಕಟ್ಟುವವನನ್ನು ನೆನಪಿಸಿಕೊಳ್ಳಿ. ಮೊದಲು ಕೂತ್ಕೋಬೇಕು, ಲೆಕ್ಕ ಹಾಕಬೇಕು. ಈ ವಾರ ಆರ್ಡರ್ ಮಾಡೋಕೆ ಹೊರಟವರು ಮಾಡಬೇಕಾದ ಕೆಲಸವನ್ನು ಒಂದು ಸಾಲಿನಲ್ಲಿ ಬರೆಯಿರಿ. ಒಂದು ತಿಂಗಳು ಕೋಲ್ಯಾಬ್‌ನಲ್ಲಿ ಉಚಿತವಾಗಿ ಸಿಗೋ ಜಿಪಿಯುವಿನಲ್ಲೇ ಶುರು ಮಾಡಿ. ತಿಂಗಳಾದ ಮೇಲೂ ಕೆಲಸ ನಡೀತಿದ್ದು, ಅದು ಸಾಲದೇ ಹೋದರೆ ಕೊಳ್ಳಿ. ಕೆಲಸವೇ ನಿಂತುಹೋಗಿದ್ದರೆ ಹೊಸ ಕಾರ್ಡ್ ಅದನ್ನ ನಡೆಸಲ್ಲ. ಬರೀ ಆಸೆಯಾದರೂ ಸರಿ, ಮನೆಯವರ ಮುಂದೆ ಆಸೆ ಅಂತಲೇ ಹೇಳಿ, ಅದಕ್ಕೆ ಎತ್ತಿಟ್ಟ ದುಡ್ಡಿನಲ್ಲೇ ತಗೊಳ್ಳಿ.

ಸತ್ಯ ಹೇಳುವ ನಾಲಿಗೆಯನ್ನ ಕರ್ತನು ನಮಗೆ ಕೊಡಲಿ. ಆಮೆನ್.