ದೀಪ ಆರಿಸುವ ಪ್ರಶ್ನೆ

ಕಾರಿನ ಮುಂದಿನ ಫಲಕದಲ್ಲಿ ಇಂಜಿನ್ನಿನ ಆಕಾರದ ಹಳದಿ ದೀಪವೊಂದಿರುತ್ತದೆ. ಗಾಡಿ ಓಡುವಾಗ ಅದು ಹತ್ತಿಕೊಂಡಿತೆಂದರೆ ಇಂಜಿನ್ನಿನ ಕಂಪ್ಯೂಟರು ಒಂದು ದೂರು ಬರೆದಿಟ್ಟುಕೊಂಡಿದೆ ಎಂದರ್ಥ. ಸ್ಟೇರಿಂಗಿನ ಕೆಳಗಿರುವ 16 ಪಿನ್ನುಗಳ ಕಿಂಡಿಗೆ ಸ್ಕ್ಯಾನರ್ ಸಿಕ್ಕಿಸಿದರೆ ಪಿ0171, ಪಿ0301 ಎಂಬಂಥ ಸಂಕೇತಗಳು ಮೂಡುತ್ತವೆ. ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಕಡ್ಡಾಯವಾದ ಈ ಏರ್ಪಾಡು, ಹೆಚ್ಚುಕಡಿಮೆ ಅದೇ ರೂಪದಲ್ಲಿ, ನಮ್ಮ ಹೊಸ ಕಾರುಗಳಿಗೆ 2013ರ ಏಪ್ರಿಲ್‌ನಿಂದ ಬಂತು. ರಾಯಚೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿರುವ ನಮ್ಮ ಕವಿತಾಳದಂಥ ಊರಿನಲ್ಲೂ, ಬರೀ ಕಿವಿಗೊಟ್ಟು ಇಂಜಿನ್ನಿನ ಕಾಯಿಲೆ ಹೇಳುತ್ತಿದ್ದ ಮಿಸ್ತ್ರಿಗಳ ಕೈಗೆ ಈಗ ಸ್ಕ್ಯಾನರ್ ಬಂದಿದೆ.

ಈ ಸಂಕೇತಗಳನ್ನು ಓದುವುದು ಸುಲಭ, ಅರ್ಥ ಮಾಡಿಕೊಳ್ಳುವುದು ಕಷ್ಟ. ಪಿ0171 ಎಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲು ಸೇರುತ್ತಿಲ್ಲ ಎಂದು. ಹಾಗೆಂದು ಹೇಳುವುದು ಹೊಗೆಯ ಕೊಳವೆಯಲ್ಲಿ ಕುಳಿತ ಆಕ್ಸಿಜನ್ ಸೆನ್ಸರ್. ಗಾಳಿಯ ರಬ್ಬರು ಪೈಪು ಸೀಳಿರಬಹುದು, ಪೆಟ್ರೋಲ್ ಪಂಪು ಸೋತಿರಬಹುದು, ಗಾಳಿ ಅಳೆಯುವ ತಂತಿಗೆ ಧೂಳು ಕೂತಿರಬಹುದು. ಅವಸರದವರು ಮಾತ್ರ ಸೆನ್ಸರನ್ನೇ ಬದಲಿಸಿಬಿಡುತ್ತಾರೆ. ಕಳ್ಳತನ ಕಂಡೆನೆಂದು ಕೂಗಿದವನನ್ನೇ ಹಿಡಿದು ಠಾಣೆಗೆ ಕೂಡಿಸಿದ ಹಾಗೆ! ಸೆನ್ಸರೇ ಕೆಡುವುದೂ ಉಂಟು, ಇಲ್ಲವೆನ್ನಲಾರೆ. ಆದರೆ ಅದನ್ನು ಪರೀಕ್ಷಿಸಿ ಹೇಳಬೇಕು.

ಒಮ್ಮೆ ಪಂಕ್ಚರ್ ಹಾಕಿಸಲು ಕೂತಿದ್ದಾಗ ಪಕ್ಕದಲ್ಲಿ ನಡೆದ ಮಾತು ನನ್ನನ್ನು ಬಹಳ ದಿನ ಕಾಡಿತು.

"ದೀಪ ಆರಿಸಿಕೊಡ್ರಿ ಸಾಕು. ದೇವದುರ್ಗದವ್ರು ನಾಳೆ ಗಾಡಿ ನೋಡಾಕ ಬರ್ತಾರ."

"ಆರಿಸ್ತೀನ್ರಿ. ಯಾಕ ಹತ್ತಿತ್ತು ಅಂತ ಅವ್ರು ಕೇಳಿದ್ರ?"

"ಕೇಳಿದ್ರ ಹೇಳೂಣಂತ. ಕೇಳ್ಲಿಲ್ಲಂದ್ರ ನಾನೇನು ಸುಳ್ಳು ಹೇಳಿದಂಗಾತು?"

ಈ ಮಾತಿಗೆ ಥಟ್ಟನೆ ಉತ್ತರ ಹೊಳೆಯುವುದಿಲ್ಲ. ಸಂತೆಯಲ್ಲಿ ಎತ್ತು ಮಾರುವವನು ಅದರ ಕುಂದುಗಳನ್ನೆಲ್ಲ ಸಾರುತ್ತಾನೆಯೆ? ನಮ್ಮ 1872ರ ಕರಾರು ಕಾಯ್ದೆಯ 17ನೆಯ ಕಲಮು ಕೂಡ, ಹೇಳಲೇಬೇಕಾದ ಕರ್ತವ್ಯವಿಲ್ಲದ ಕಡೆ ಬರೀ ಮೌನವನ್ನು ಮೋಸವೆನ್ನುವುದಿಲ್ಲ. ಆದರೆ ಗೊತ್ತಿದ್ದದ್ದನ್ನು ಬೇಕೆಂದೇ ಮರೆಮಾಚುವುದನ್ನು ಅದೇ ಕಲಮು ಮೋಸವೆನ್ನುತ್ತದೆ. ಹತ್ತಿದ ದೀಪವನ್ನು ಹಾಗೆಯೇ ಬಿಟ್ಟು ಸುಮ್ಮನಿದ್ದವನು ಮೌನಿ. ಆರಿಸಿ ಸುಮ್ಮನಿದ್ದವನನ್ನು ಹಾಗೆನ್ನಲಾರೆ. ಅವನು ಬಾಯಿಂದ ಆಡದ ಸುಳ್ಳನ್ನು ಗಾಡಿಯ ಕೈಲಿ ಆಡಿಸಿದ್ದಾನೆ.

ದೊಡ್ಡವರು ಇದನ್ನೇ ದೊಡ್ಡದಾಗಿ ಮಾಡಿದರು. ಪರೀಕ್ಷೆ ನಡೆಯುತ್ತಿರುವಾಗ ಮಾತ್ರ ಹೊಗೆಯನ್ನು ಹದ್ದಿನಲ್ಲಿಡುವ ತಂತ್ರಾಂಶವನ್ನು ಫೋಕ್ಸ್‌ವ್ಯಾಗನ್ ತನ್ನ ಡೀಸೆಲ್ ಕಾರುಗಳಲ್ಲಿ ಇಟ್ಟಿದ್ದು 2015ರ ಸೆಪ್ಟೆಂಬರಿನಲ್ಲಿ ಬಯಲಾಯಿತು. ಲೋಕದಾದ್ಯಂತ ಸುಮಾರು 1.1 ಕೋಟಿ ಕಾರುಗಳು. ಅಷ್ಟನ್ನೂ ಮಾರುವಾಗ ಯಾರೊಬ್ಬ ಮಾರಾಟಗಾರನೂ ಕೊಳ್ಳುವವನ ಎದುರು ನಿಂತು ತಿಳಿದೂ ಸುಳ್ಳಾಡಬೇಕಾಗಿರಲಿಲ್ಲ.

ಹಾಗಾದರೆ ಸಂಕೇತ ಅಳಿಸುವುದೇ ತಪ್ಪೋ? ಅಲ್ಲ, ತೊಡಕಿರುವುದು ಇಲ್ಲಿಯೇ. ಒಳ್ಳೆಯ ಮಿಸ್ತ್ರಿಯೂ ಅಳಿಸುತ್ತಾನೆ. ಪೈಪು ಬದಲಿಸಿ, ಸಂಕೇತ ಅಳಿಸಿ, ಸಿರವಾರದ ತನಕ ಓಡಿಸಿಕೊಂಡು ಬಂದು ದೂರು ಮರಳಿತೇ ಎಂದು ನೋಡುತ್ತಾನೆ. ಅನೇಕ ದೋಷಗಳು ಎರಡು ಓಟಗಳಲ್ಲಿ ಸಾಲಾಗಿ ಕಂಡರೇ ದೀಪ ಹತ್ತುವುದು, ಆದ್ದರಿಂದ ಮರುದಿನವೂ ಓಡಿಸಿ ನೋಡಬೇಕು. ಅದೇ ಸ್ಕ್ಯಾನರ್, ಅದೇ ಗುಂಡಿ, ಒತ್ತುವ ಬೆರಳೂ ಅದೇ. ಒಬ್ಬನು ದೀಪ ಮತ್ತೆ ಹತ್ತೀತೇ ಎಂದು ಕಾಯುತ್ತಾನೆ; ಇನ್ನೊಬ್ಬನು ಹತ್ತುವುದರೊಳಗೆ ಗಾಡಿ ಊರು ದಾಟಲಿ ಎನ್ನುತ್ತಾನೆ.

ಅಳಿಸಿದ್ದಕ್ಕೂ ಗುರುತು ಉಳಿಯುತ್ತದೆಂಬುದು ಬಹಳ ಜನಕ್ಕೆ ತಿಳಿಯದು. ಸಂಕೇತದ ಜೊತೆಗೆ ಕಂಪ್ಯೂಟರು ಅದುವರೆಗೆ ಮಾಡಿ ಮುಗಿಸಿದ್ದ ಸ್ವಪರೀಕ್ಷೆಗಳ ಲೆಕ್ಕವೂ ಅಳಿದು, ಸ್ಕ್ಯಾನರಿನಲ್ಲಿ 'ಪರೀಕ್ಷೆ ಇನ್ನೂ ಮುಗಿದಿಲ್ಲ' ಎಂದು ತೋರುತ್ತದೆ. ಅಳಿಸಿದ ಮೇಲೆ ಎಷ್ಟು ಕಿಲೋಮೀಟರು ಓಡಿದೆ ಎಂಬುದನ್ನೂ ಅನೇಕ ಗಾಡಿಗಳು ಹೇಳುತ್ತವೆ. ಆದರೆ ರಿಪೇರಿ ಮಾಡಿ ಅಳಿಸಿದವನ ಗಾಡಿಯೂ ಮೊದಮೊದಲು ಹೀಗೆಯೇ ತೋರುವುದರಿಂದ, ದೇವದುರ್ಗದಿಂದ ಬಂದವನು ಸ್ಕ್ಯಾನರ್ ತಂದಿದ್ದರೂ ಕೊನೆಗೆ ಮಿಸ್ತ್ರಿಯನ್ನೇ ಕೇಳಬೇಕು: "ಏನು ರಿಪೇರಿ ಮಾಡಿ ಅಳಿಸಿದ್ರಿ?"