ಮೈ ಬಿಟ್ಟು ಹೊರಟವರು ಯಾರು?



ಸಂಘದ ಯುಗಾದಿ ಊಟವಿರಲಿ, ರಾಜ್ಯೋತ್ಸವದ ನಾಟಕವಿರಲಿ, ವೈದ್ಯರೆಂದು ಗೊತ್ತಾದ ಮೇಲೆ ನಮಗೆ ಎರಡು ಬಗೆಯ ಪ್ರಶ್ನೆಗಳು ತಪ್ಪಿದ್ದಲ್ಲ. ಮೊದಲನೆಯ ಬಗೆ ಎಲ್ಲರೆದುರೂ ಕೇಳುವಂಥದು: ಸಕ್ಕರೆ, ಬಿ.ಪಿ., ಮಂಡಿನೋವು. ಎರಡನೆಯದನ್ನು ಜನ ಕೈತೊಳೆಯುವ ಜಾಗದಲ್ಲಿ, ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳುತ್ತಾರೆ: "ಡಾಕ್ಟ್ರೇ, ಕಾಯಿಲೆ ಜೋರಾಗಿದ್ದಾಗ ನಾನು ಮೇಲಿನಿಂದ ನನ್ನನ್ನೇ ನೋಡ್ತಾ ಇದ್ದ ಹಾಗಿತ್ತು. ಆತ್ಮ ಅನ್ನೋದು ನಿಜವಾಗಿ ಹೊರಗೆ ಹೋಗುತ್ತಾ?" ತಟ್ಟೆ ಹಿಡಿದು ನಿಂತಲ್ಲೇ ಉತ್ತರಿಸುವ ಪ್ರಶ್ನೆ ಇದಲ್ಲ. ಆದ್ದರಿಂದ ನಮಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲಿಗೆ ಒಂದು ಮಾತು. ಈ ಅನುಭವ ಹೇಳುವವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ಹುಚ್ಚೂ ಹಿಡಿದಿಲ್ಲ. ದೇಹದಿಂದ ಬೇರ್ಪಟ್ಟು, ಚಾವಣಿಯ ಹತ್ತಿರ ತೇಲುತ್ತಾ, ಕೆಳಗೆ ಮಲಗಿರುವ ತನ್ನ ದೇಹವನ್ನೇ ಕಂಡಂತಾಗುವುದು ಸಾವಿನಂಚಿಗೆ ಹೋಗಿ ಬಂದವರಿಗೆ ಮಾತ್ರ ಮೀಸಲಲ್ಲ. ನಿದ್ದೆ ಹತ್ತುವ ಹೊತ್ತಿನಲ್ಲಿ, ಮೈಗ್ರೇನ್ ತಲೆನೋವಿನಲ್ಲಿ, ಮೂರ್ಛೆರೋಗದಲ್ಲಿ, ಕೆಟಮಿನ್ ಎಂಬ ಅರಿವಳಿಕೆಯ ಔಷಧಿ ಕೊಟ್ಟಾಗ ಕೂಡ ಆಗುವುದುಂಟು. ಒಳಕಿವಿಯ ತೊಂದರೆಯಿಂದ ತಲೆ ಸುತ್ತುವವರಲ್ಲಿ ಇದು ಉಳಿದವರಿಗಿಂತ ಹೆಚ್ಚು. 2018ರಲ್ಲಿ ಪ್ರಕಟವಾದ ಒಂದು ಫ್ರೆಂಚ್ ಅಧ್ಯಯನದಲ್ಲಿ, ತಲೆಸುತ್ತಿನ 210 ರೋಗಿಗಳಲ್ಲಿ ಶೇಕಡಾ 14 ಮಂದಿ, ಆರೋಗ್ಯವಂತರಾದ ಅಷ್ಟೇ ಜನರಲ್ಲಿ ಶೇಕಡಾ 5 ಮಂದಿ ಇಂಥ ಅನುಭವ ಆಗಿತ್ತೆಂದು ಹೇಳಿದರು.

ಒಳಕಿವಿಗೂ ಆತ್ಮಕ್ಕೂ ಎತ್ತಣಿಂದೆತ್ತಣ ಸಂಬಂಧ ಎನ್ನುತ್ತೀರಾ? "ನಾನು ಈ ಮೈಯೊಳಗೆ ಇದ್ದೇನೆ" ಎಂಬ ಭಾವನೆ ನಮಗೆ ತಾನಾಗಿ ಬಂದದ್ದೆಂದು ತೋರುತ್ತದೆ. ಆದರೆ ಅದನ್ನು ಮಿದುಳು ಕ್ಷಣಕ್ಷಣವೂ ಕಟ್ಟುತ್ತಿರುತ್ತದೆ. ಕಣ್ಣು ಕಂಡದ್ದು, ಚರ್ಮಕ್ಕೆ ಮುಟ್ಟಿದ್ದು, ಕೀಲುಗಳು ತಿಳಿಸುವ ಕೈಕಾಲಿನ ಭಂಗಿ, ಒಳಕಿವಿ ಹೇಳುವ ಮೇಲು-ಕೆಳಗು, ಇವೆಲ್ಲ ಕಿವಿಯ ಮೇಲ್ಭಾಗಕ್ಕೆ, ತುಸು ಹಿಂದಕ್ಕೆ ಇರುವ ಮಿದುಳಿನ ಒಂದು ಕೂಡುರಸ್ತೆಯಲ್ಲಿ ಸೇರುತ್ತವೆ. ಅಲ್ಲಿ ಲೆಕ್ಕ ತಪ್ಪಿದರೆ 'ನಾನು' ಒಂದು ಕಡೆ, 'ಮೈ' ಇನ್ನೊಂದು ಕಡೆ ಆಗಿಬಿಡುತ್ತದೆ.

ಇದು ಬರೀ ಊಹೆಯಲ್ಲ. ಮಾಂಟ್ರಿಯಲ್‌ನ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಕಳೆದ ಶತಮಾನದ ನಡುವಿನಲ್ಲೇ, ಎಚ್ಚರವಾಗಿದ್ದ ಮೂರ್ಛೆರೋಗಿಗಳ ಮಿದುಳಿಗೆ ಸಣ್ಣ ವಿದ್ಯುತ್ ಮುಟ್ಟಿಸಿ ಇಂಥ ಅನುಭವದ ಸುಳಿವು ಕಂಡಿದ್ದರು. 2002ರಲ್ಲಿ ಸ್ವಿಟ್ಜರ್ಲೆಂಡಿನ ಓಲಾಫ್ ಬ್ಲಾಂಕೆ ಮತ್ತು ಸಂಗಡಿಗರು 43 ವರ್ಷದ ಒಬ್ಬ ಮಹಿಳೆಯ ವಿಷಯ ಬರೆದರು. ಆಕೆಯ ಬಲ ಮಿದುಳಿನ ಆ ಭಾಗಕ್ಕೆ ಅಲ್ಪ ವಿದ್ಯುತ್ ಕೊಟ್ಟಾಗ ಹಾಸಿಗೆಯೊಳಗೆ ಕುಸಿದಂತಾಯಿತು. ಸ್ವಲ್ಪ ಹೆಚ್ಚಿಸಿದಾಗ ಮೇಲಿನಿಂದ ತನ್ನನ್ನೇ ಕಂಡಂತಾಯಿತು, ಅದೂ ಕಾಲು ಮತ್ತು ಸೊಂಟದ ಭಾಗ ಮಾತ್ರ! 2007ರಲ್ಲಿ ಹೆನ್ರಿಕ್ ಎರ್ಸನ್ ವಿದ್ಯುತ್ತೂ ಇಲ್ಲದೆ, ಬೆನ್ನ ಹಿಂದಿಟ್ಟ ಕ್ಯಾಮೆರಾದ ನೋಟವನ್ನು ಕಣ್ಣಿಗೆ ಕಟ್ಟಿದ ಪರದೆಯಲ್ಲಿ ತೋರಿಸಿ, ಆರೋಗ್ಯವಂತರಿಗೇ "ನಾನು ಕ್ಯಾಮೆರಾ ಇರುವಲ್ಲಿ ಕುಳಿತಿದ್ದೇನೆ" ಎನಿಸುವಂತೆ ಮಾಡಿದರು.

ಹಾಗಾದರೆ ಎಲ್ಲವೂ ಮಿದುಳಿನ ಆಟ, ಕಡತ ಮುಗಿಯಿತು ಎನ್ನೋಣವೇ? ಸ್ವಲ್ಪ ತಾಳಿ. ಮಿದುಳಿನ ಹಿಂಭಾಗಕ್ಕೆ ವಿದ್ಯುತ್ ಮುಟ್ಟಿಸಿದರೆ ಕಣ್ಣೆದುರು ಬೆಳಕು ಮಿಂಚುತ್ತದೆ. ಅಷ್ಟರಿಂದ ಹೊರಗೆ ಸೂರ್ಯನಿಲ್ಲ ಎಂದಾಗುವುದಿಲ್ಲ. ಅನುಭವಕ್ಕೆ ಮಿದುಳಿನಲ್ಲೊಂದು ಬಾಗಿಲಿದೆ ಎಂದು ತೋರಿಸಿದ ಮಾತ್ರಕ್ಕೆ ಬಾಗಿಲಿನಾಚೆ ಏನಿದೆ, ಏನಿಲ್ಲ ಎಂಬುದು ತೀರ್ಮಾನವಾಗದು. ಅದಕ್ಕೆ ಬೇರೆಯೇ ಪರೀಕ್ಷೆ ಬೇಕು: ಹೊರಗೆ ಹೋದವರು ಮಂಚದಿಂದ ಕಾಣಲು ಸಾಧ್ಯವಿಲ್ಲದ್ದನ್ನು ಕಂಡರೇ?

ಆ ಪರೀಕ್ಷೆಯೂ ನಡೆದಿದೆ. ಡಾ. ಸ್ಯಾಮ್ ಪಾರ್ನಿಯಾ ಅವರ ತಂಡ 15 ಆಸ್ಪತ್ರೆಗಳಲ್ಲಿ, ಮೇಲಿನಿಂದ ಮಾತ್ರ ಕಾಣುವಂತೆ ಹಲಗೆಗಳ ಮೇಲೆ ಚಿತ್ರಗಳನ್ನಿಟ್ಟು ಕಾಯಿತು. 2014ರಲ್ಲಿ ಬಂದ ವರದಿಯಂತೆ 2060 ಹೃದಯಸ್ತಂಭನಗಳಲ್ಲಿ ಬದುಕಿದವರು 330 ಮಂದಿ, ಮಾತಾಡಿಸಲಾದವರು 140. ಅವರಲ್ಲಿ ಇಬ್ಬರು ಮಾತ್ರ ಆ ಹೊತ್ತಿನಲ್ಲಿ ನಡೆದದ್ದನ್ನು ಕಂಡ, ಕೇಳಿದ ನೆನಪು ಹೇಳಿದರು. ಒಬ್ಬರ ವಿವರಣೆ ನಡೆದ ಸಂಗತಿಗಳಿಗೆ ಹೊಂದಿತು. ಆದರೆ ಆ ಇಬ್ಬರಿಗೂ ಹೃದಯ ನಿಂತದ್ದು ಹಲಗೆ ಇಲ್ಲದ ಜಾಗದಲ್ಲಿ! 2023ರ ಎರಡನೆಯ ವರದಿಯಲ್ಲಿ 567 ಮಂದಿಯ ಪೈಕಿ 53 ಜನ ಬದುಕಿ, 28 ಜನರನ್ನು ಮಾತಾಡಿಸಲಾಯಿತು. 11 ಮಂದಿ ಏನೋ ಒಂದು ಬಗೆಯ ಅರಿವಿತ್ತೆಂದರು. ತೋರಿಸಿದ ಚಿತ್ರವನ್ನು ಯಾರೂ ಹೇಳಲಿಲ್ಲ. ಕಿವಿಗೆ ಕೇಳಿಸಿದ ಪದಗಳನ್ನು ಒಬ್ಬರು ಗುರುತಿಸಿದರು. ಎದೆ ಒತ್ತುತ್ತಿರುವಾಗಲೂ ಮಿದುಳಿಗೆ ಅಷ್ಟಿಷ್ಟು ರಕ್ತ ಹೋಗುತ್ತಿರುತ್ತದೆ ಎಂಬುದನ್ನೂ ಇಲ್ಲಿ ನೆನಪಿಡಬೇಕು. ಹಾಗಾಗಿ ಈವರೆಗಿನ ಸಾಕ್ಷ್ಯ "ಆತ್ಮ ಹೊರಟು ನೋಡಿತು" ಎನ್ನಲು ಸಾಲದು.

ಇನ್ನೊಂದು ಸ್ವಾರಸ್ಯ ನಮ್ಮ ಬೆಂಗಳೂರಿನಿಂದಲೇ ಬಂದಿದೆ. ನಿಮ್ಹಾನ್ಸ್‌ನ ಡಾ. ಸತ್ವಂತ್ ಪಸ್ರೀಚಾ ಅವರು ಇಯಾನ್ ಸ್ಟೀವನ್‌ಸನ್ ಜೊತೆ 1986ರಲ್ಲಿ ಭಾರತದ 16 ಪ್ರಕರಣಗಳನ್ನು ಪ್ರಕಟಿಸಿದರು. ಅಮೆರಿಕದವರು ಹೇಳುವಂತೆ ಮೇಲೆ ತೇಲಿ ತಮ್ಮ ದೇಹವನ್ನು ನೋಡಿದ ಮಾತು ಅವುಗಳಲ್ಲಿ ಇಲ್ಲ. ಬದಲಿಗೆ ಯಮದೂತರು ಬಂದು ಎಳೆದೊಯ್ಯುತ್ತಾರೆ, ಅಲ್ಲಿ ಲೆಕ್ಕದ ಪುಸ್ತಕ ತೆಗೆದು ನೋಡುತ್ತಾರೆ, "ಇವನಲ್ಲ, ಬೇರೆಯವನು" ಎಂದು ಹಿಂದಕ್ಕೆ ಕಳುಹಿಸುತ್ತಾರೆ! ಚಿತ್ರಗುಪ್ತನ ಕಚೇರಿಯಲ್ಲೂ ನಮ್ಮ ತಾಲ್ಲೂಕು ಕಚೇರಿಯಂತೆಯೇ ಹೆಸರು ಅದಲುಬದಲಾಗುತ್ತದೆ ಎಂದು ನಗಬಹುದು. ಆದರೆ ಪಾಠ ಗಂಭೀರವಾದದ್ದು. ಅನುಭವ ಎಲ್ಲಿಂದಲೇ ಬರಲಿ, ಅದಕ್ಕೆ ಬಣ್ಣ ಬಳಿಯುವುದು ನಾವು ಬೆಳೆದ ಮನೆ, ಕೇಳಿದ ಕಥೆ. ಏಳು ಸಮುದ್ರದಾಚೆಯ ಗಿಳಿಯಲ್ಲಿ ಪ್ರಾಣವಿಟ್ಟ ರಾಕ್ಷಸನ ಕಥೆ ಕೇಳಿ ಮಲಗಿದವರು ನಾವು. ಇಲ್ಲೇ ಹುಟ್ಟಿದ ನಮ್ಮ ಮಕ್ಕಳಿಗೆ ಯಾರು ಕಾಣುತ್ತಾರೋ!

"ಇದೆಲ್ಲ ನಮ್ಮ ಉಪನಿಷತ್ತಿನಲ್ಲಿ ಮೊದಲೇ ಇದೆ" ಎನ್ನುವ ಹಿರಿಯರೂ ಸಂಘದಲ್ಲಿದ್ದಾರೆ. ಅವರಿಗೆ ನಮ್ಮದೊಂದು ವಿನಂತಿ. ಮಾಂಡೂಕ್ಯ ಉಪನಿಷತ್ತು ಎಚ್ಚರ, ಕನಸು, ಗಾಢನಿದ್ರೆಗಳನ್ನು ಹೇಳಿ, ಅವನ್ನು ಮೀರಿದ 'ತುರೀಯ'ವನ್ನು ಹೇಳುತ್ತದೆ. ಅಲ್ಲಿಯ ಸಾಕ್ಷಿ ಚಾವಣಿಯಲ್ಲಿ ತೇಲುವ ವಸ್ತುವಲ್ಲ. ಮೇಲಿನಿಂದ ಕೆಳಗೆ ನೋಡುವುದಕ್ಕೆ ಒಂದು ಸ್ಥಳ ಬೇಕು, ದಿಕ್ಕು ಬೇಕು, ಕಣ್ಣಿನಂಥದೇನೋ ಬೇಕು. ಇವೆಲ್ಲ ಇದ್ದರೆ ಅದು ಇನ್ನೊಂದು ದೇಹವೇ ಆಯಿತು. ಪತಂಜಲಿಯ ಯೋಗಸೂತ್ರದಲ್ಲಿ ಪರಕಾಯ ಪ್ರವೇಶದ ಮಾತಿದೆ ನಿಜ. ಆದರೆ ಇಂಥ ಸಿದ್ಧಿಗಳು ಸಮಾಧಿಗೆ ಅಡ್ಡಿ ಎಂಬ ಎಚ್ಚರಿಕೆಯೂ ಅದೇ ಅಧ್ಯಾಯದಲ್ಲಿದೆ. ಇನ್ನು ಚಾರ್ವಾಕರೂ ನಮ್ಮವರೇ ತಾನೇ? ಎಲೆ, ಅಡಿಕೆ, ಸುಣ್ಣ ಯಾವುದರಲ್ಲೂ ಇಲ್ಲದ ಕೆಂಪು, ಮೂರನ್ನೂ ಅಗಿದಾಗ ಬರುವಂತೆ, ಭೂತಗಳು ಸೇರಿದಾಗ ಚೈತನ್ಯ ಹುಟ್ಟುತ್ತದೆ ಎಂಬುದು ಅವರ ವಾದ. ಊಟವಾದ ಮೇಲೆ ತಾಂಬೂಲ ಹಾಕಿಕೊಳ್ಳುವವರು ಈ ಉಪಮೆಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾರರು. ಪೂರ್ವ-ಪಶ್ಚಿಮದ ಜಗಳವಲ್ಲ ಇದು. ನಮ್ಮ ಮನೆಯ ಜಗಲಿಯಲ್ಲೇ ನಡೆದ ಹಳೆಯ ಚರ್ಚೆ.

ಇಷ್ಟಾದ ಮೇಲೂ ಮೂಲ ಪ್ರಶ್ನೆ ಉಳಿಯುತ್ತದೆ. ನರಕೋಶಗಳ ವಿದ್ಯುತ್ತು 'ನಾನು ಇದ್ದೇನೆ' ಎಂಬ ಅರಿವು ಹೇಗಾಗುತ್ತದೆ? ಎಲ್ಲರೂ ಒಪ್ಪುವ ಉತ್ತರ ಇನ್ನೂ ಯಾರ ಬಳಿಯೂ ಇಲ್ಲ. ಆದರೆ ಉತ್ತರ ಸಿಗುವ ತನಕ ನಮ್ಮ ಕರ್ತವ್ಯ ಕಾಯುವುದಿಲ್ಲ. ಮೂರು ಮಾತು ಹೇಳುತ್ತೇವೆ.

ಒಂದು: ಇಂಥ ಅನುಭವ ಹೇಳಿಕೊಂಡವರನ್ನು ನೋಡಿ ನಗಬೇಡಿ. ಸಾವಿನ ಭಯ ಕಳೆಯಿತೆಂದು ಅವರು ಹೇಳಿದರೆ ಕೇಳಿಸಿಕೊಳ್ಳಿ. ಜೊತೆಗೆ, ಪದೇಪದೇ ಆಗುತ್ತಿದ್ದರೆ, ಎಚ್ಚರ ತಪ್ಪುತ್ತಿದ್ದರೆ, ವೈದ್ಯರಲ್ಲಿಗೆ ಕರೆದೊಯ್ಯಿರಿ. ಅದು ಮೂರ್ಛೆರೋಗದ ಸೂಚನೆಯೂ ಇರಬಹುದು.

ಎರಡು: ಹಣ ಕೊಟ್ಟರೆ ದೇಹ ಬಿಟ್ಟು ತಿರುಗಾಡುವುದನ್ನು ವಾರಾಂತ್ಯದಲ್ಲಿ ಕಲಿಸುತ್ತೇವೆ ಎನ್ನುವವರಿಂದ ದೂರವಿರಿ. ಅದರಲ್ಲೂ ಇತ್ತೀಚೆಗೆ ಪತಿಯನ್ನೋ ಮಗುವನ್ನೋ ಕಳೆದುಕೊಂಡವರ ದುಃಖವನ್ನು ವ್ಯಾಪಾರ ಮಾಡುವುದು ಪಾಪ ಎಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ.

ಮೂರನೆಯದು ಬಹಳ ಮುಖ್ಯ. ಪ್ರಜ್ಞೆ ಇಲ್ಲವೆಂದು ಕಂಡವರ ಎದುರು ನಾವು ಹೇಗೆ ನಡೆದುಕೊಳ್ಳುತ್ತೇವೆ? 2006ರಲ್ಲಿ ಏಡ್ರಿಯನ್ ಓವೆನ್ ಎಂಬ ವಿಜ್ಞಾನಿ, ಏನೂ ಸ್ಪಂದಿಸದೆ ಮಲಗಿದ್ದ ಯುವತಿಯೊಬ್ಬಳಿಗೆ "ಟೆನಿಸ್ ಆಡುತ್ತಿರುವುದಾಗಿ ಕಲ್ಪಿಸಿಕೊ" ಎಂದಾಗ, ಆಕೆಯ ಮಿದುಳು ಆರೋಗ್ಯವಂತರದರಂತೆಯೇ ಕೆಲಸ ಮಾಡಿದ್ದನ್ನು ಸ್ಕ್ಯಾನಿನಲ್ಲಿ ಕಂಡರು. 2024ರ ದೊಡ್ಡ ಅಧ್ಯಯನದಲ್ಲಿ, ಹೇಳಿದ್ದಕ್ಕೆ ಯಾವ ಪ್ರತಿಕ್ರಿಯೆಯೂ ಕಾಣದ 241 ರೋಗಿಗಳ ಪೈಕಿ 60 ಮಂದಿಯ ಮಿದುಳು, ಅಂದರೆ ನಾಲ್ವರಲ್ಲಿ ಒಬ್ಬರದು, ಮಾತನ್ನು ಅನುಸರಿಸುತ್ತಿತ್ತು! ಇವರು ದೇಹದಿಂದ ಹೊರಗೆ ಹೋದವರಲ್ಲ. ದೇಹದ ಒಳಗೇ ಸಿಕ್ಕಿಕೊಂಡವರು. ನಮಗೆ ಹೆಚ್ಚು ಕಾಡಬೇಕಾದದ್ದು ಇದು.

ಪರದೇಶದಲ್ಲಿರುವ ನಮ್ಮೆಲ್ಲರಿಗೂ ಆ ಮಧ್ಯರಾತ್ರಿಯ ಫೋನ್ ಒಂದಲ್ಲ ಒಂದು ದಿನ ಬರುತ್ತದೆ: "ಅಪ್ಪನಿಗೆ ಪ್ರಜ್ಞೆ ಇಲ್ಲ, ಐ.ಸಿ.ಯು.ನಲ್ಲಿದ್ದಾರೆ, ಹೊರಟು ಬಾ." ಟಿಕೆಟ್ ಸಿಕ್ಕಿ ಊರು ಮುಟ್ಟಲು ಎರಡು ದಿನ. ಅಷ್ಟರಲ್ಲಿ ಅಣ್ಣನಿಗೋ ನರ್ಸಮ್ಮನಿಗೋ ಹೇಳಿ ಫೋನನ್ನು ಅಪ್ಪನ ಕಿವಿಗೆ ಹಿಡಿಸಬೇಕೇ? ಅದು ಮನಸ್ಸಿಗೆ ಹೇಳಿಕೊಳ್ಳುವ ಸುಳ್ಳಲ್ಲವೇ ಎಂದು ಕೇಳುವವರಿದ್ದಾರೆ. ಸುಳ್ಳಲ್ಲ. "ಅಪ್ಪಾ, ನಾನು" ಎಂದು ನಿಮ್ಮ ಮನೆಯ ಕನ್ನಡದಲ್ಲಿ ಮಾತಾಡಿ. ಕೇಳುತ್ತದೆಂದು ಭರವಸೆ ಕೊಡಲಾರೆವು, ಕೇಳುವುದಿಲ್ಲವೆಂದೂ ಹೇಳಲಾರೆವು. ಹಾಗೆಯೇ ಮಂಚದ ಬಳಿ ಆಸ್ತಿ ಪಾಲು, ಆಸ್ಪತ್ರೆ ಬಿಲ್ಲು, "ಇನ್ನೆಷ್ಟು ದಿನವಂತೆ" ಎಂಬ ಮಾತು ಬೇಡ. ಹೊರಗೆ ಬಂದು ಆಡಿ.

ಆದರೆ ಇದೇ ಕಾರಣ ಹಿಡಿದು "ಕೇಳಿಸುತ್ತಿರಬಹುದು, ವೆಂಟಿಲೇಟರ್ ತೆಗೆಯಲೇಬೇಡಿ" ಎನ್ನುವುದು ಸರಿಯೇ? ಮಿದುಳು ಪೂರ್ತಿ ಸತ್ತಿದೆ ಎಂದು ಕ್ರಮವಾಗಿ ಪರೀಕ್ಷಿಸಿ ಹೇಳಿದ ಮೇಲೆ ಕೇಳುವವರು ಅಲ್ಲಿಲ್ಲ; ಅದು ಬೇರೆ ಸಂಗತಿ. ಉಳಿದವರಲ್ಲಿ, ಮಾತು ಕೇಳಿಸುತ್ತದೆ ಎಂದಾದರೆ ನೋವೂ ತಿಳಿಯುತ್ತಿರಬಹುದು, ಬೇಸರವೂ ಆಗುತ್ತಿರಬಹುದು. ಆಗ ನಿರ್ಧರಿಸಬೇಕಾದದ್ದು ನಮ್ಮ ಪ್ರೀತಿ ಎಷ್ಟು ದೊಡ್ಡದು ಎಂಬುದಲ್ಲ, ಅವರಿಗೆ ಏನು ಬೇಕಿತ್ತು ಎಂಬುದು. ಅದನ್ನು ತಿಳಿಯುವ ದಾರಿ ಒಂದೇ: ಅವರು ಚೆನ್ನಾಗಿರುವಾಗಲೇ ಕೇಳುವುದು. ಮುಂದಿನ ಬಾರಿ ಅಪ್ಪ-ಅಮ್ಮ ಆರು ತಿಂಗಳಿಗೆಂದು ಇಲ್ಲಿಗೆ ಬಂದಾಗ ನಯಾಗರಾ ತೋರಿಸುವುದರ ಜೊತೆಗೆ, ಒಂದು ಸಂಜೆ ಕಾಫಿ ಕುಡಿಯುತ್ತಾ ಇದನ್ನೂ ಮಾತಾಡಿ. ಅಪಶಕುನವೆಂದು ಅಮ್ಮ ಮೊದಲು ಗದರಿಯಾರು. ಆಮೇಲೆ ಅವರೇ ನಿಧಾನವಾಗಿ ಹೇಳುತ್ತಾರೆ. ನಮ್ಮ ಮಕ್ಕಳಿಗೆ ನಮ್ಮ ಇಚ್ಛೆಯನ್ನೂ ಬರೆದಿಟ್ಟು ಹೇಳೋಣ.

ಮೈ ಬಿಟ್ಟು ಹೋಗುವವರು ಯಾರೋ, ಎಲ್ಲಿಗೋ, ಪಂಡಿತರು ಚರ್ಚಿಸಲಿ, ನಾವೂ ಆಸಕ್ತಿಯಿಂದ ಕೇಳೋಣ. ಮೈಯೊಳಗೆ ಇನ್ನೂ ಇರುವವರನ್ನು ಕಡೆಯ ತನಕ ಮನುಷ್ಯರಂತೆ ಕಾಣುವುದು ಮಾತ್ರ ನಮ್ಮ ಕೈಯಲ್ಲೇ ಇದೆ. ಒಪ್ಪದವರು, ಅನುಭವವಿದ್ದವರು ದಯವಿಟ್ಟು ಸಂಪಾದಕರಿಗೆ ಬರೆಯಿರಿ. ಕೈತೊಳೆಯುವ ಜಾಗಕ್ಕಿಂತ ಈ ಪುಟಗಳಲ್ಲಿ ಮಾತಾಡುವುದು ವಾಸಿ.